ತಾರಸಿಯ ಮೇಡಂ ಮತ್ತು ಕುಂಕುಮದ ಕಂಪ್ಯೂಟರುಗಳು

ಅವರು ತೀರಿಕೊಂಡ ಸುದ್ದಿಯನ್ನು ನನಗೆ ಮೊದಲು ತಿಳಿಸಿದವರು ವಿದ್ಯಾರಣ್ಯಪುರದ ನಮ್ಮ ಬಡಾವಣೆಯ ಗುಜರಿ ಅಂಗಡಿಯ ಯಜಮಾನರು. ಹಳೆಯ ಪತ್ರಿಕೆಗಳನ್ನು ತೂಗುತ್ತಿದ್ದವರು ತಕ್ಕಡಿಯನ್ನು ಕೆಳಗಿಟ್ಟು, "ಅಕ್ಕಾ, ಕಂಪ್ಯೂಟರ್ ಮೇಡಂ ಹೋಗ್ಬಿಟ್ರಂತೆ. ಗೊತ್ತಾಯ್ತಾ?" ಎಂದರು. ಆಮೇಲೆ ತಾವೇ ಮುಂದುವರಿಸಿದರು: "ನನ್ ಅಂಗಡೀಲಿ ಒಂದ್ ಒಳ್ಳೆ ಮಾಲ್ ಉಳಿಸ್ತಿರ್ಲಿಲ್ಲ ಕಣ್ರೀ ಆಯಮ್ಮ. ಎಲ್ಲಾ ಸ್ಕೂಟ್ರಲ್ಲಿ ಹಾಕ್ಕೊಂಡ್ ಹೋಗ್ಬಿಡೋರು. ಆದ್ರೂ ಸಿಟ್ ಬರ್ತಿರ್ಲಿಲ್ಲ ನೋಡಿ, ಅದೇ ಮಜಾ."

ಅವರನ್ನು ಕುರಿತು ಬರೆಯಲು ಇದಕ್ಕಿಂತ ನ್ಯಾಯವಾದ ಪೀಠಿಕೆ ನನಗೆ ಹೊಳೆಯುತ್ತಿಲ್ಲ. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ತಮ್ಮ ಹೆಸರು ಅಚ್ಚಾಗುವುದನ್ನು ಅವರು ಒಪ್ಪುತ್ತಿರಲಿಲ್ಲ. ಅವರು ಭೌತಶಾಸ್ತ್ರ ಕಲಿಸುತ್ತಿದ್ದ, ಯಲಹಂಕದ ಕಡೆಯ ಆ ಖಾಸಗಿ ಮಹಿಳಾ ಕಾಲೇಜಿನ ಹೆಸರನ್ನೂ ಬಿಡುತ್ತೇನೆ. ನಾನು ಇಲ್ಲಿ ಎತ್ತಿ ತೋರಿಸಲಿರುವ ತಪ್ಪುಗಳು ಆ ಒಂದು ಕಾಲೇಜಿನ ಸ್ವತ್ತಲ್ಲ.

ಪರೀಕ್ಷೆಯಿಲ್ಲದ, ಸಮವಸ್ತ್ರವಿಲ್ಲದ ಶಾಲೆಯೊಂದರಲ್ಲಿ ಓದಿದವಳು ನಾನು. ತಪ್ಪು ಕಂಡರೆ ಅದು ತಪ್ಪೆಂದು ಬಾಯಿಬಿಟ್ಟು ಹೇಳಬೇಕು ಎಂಬುದು ಅಲ್ಲಿ ಕಲಿತ ಮೊದಲ ಪಾಠ. ಎರಡು ಸಾವಿರದ ಎಂಟು–ಒಂಬತ್ತರ ಸುಮಾರಿಗೆ, ಮನೆಮನೆಯಲ್ಲೂ ಹಳೆಯ ಕಂಪ್ಯೂಟರು ಹೋಗಿ ಲ್ಯಾಪ್‌ಟಾಪು ಬರುತ್ತಿದ್ದ ಕಾಲದಲ್ಲಿ, ನಮ್ಮ ಬಡಾವಣೆಯ ಉದ್ಯಾನದಲ್ಲಿ ವಿದ್ಯುನ್ಮಾನ ಕಸ ಸಂಗ್ರಹಿಸುವ ಅಭಿಯಾನವೊಂದನ್ನು ಏರ್ಪಡಿಸಿದ್ದೆ. ಸೀಸ, ಪಾದರಸ ಮಣ್ಣಿಗಿಳಿಯುವುದನ್ನು ಕುರಿತು ನಾನು ಮೈಕಿನಲ್ಲಿ ಮಾತನಾಡುತ್ತಿದ್ದಾಗ, ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದ ಮಧ್ಯವಯಸ್ಸಿನ ಹೆಂಗಸೊಬ್ಬರು ಬಂದು, ಗುಡ್ಡೆ ಹಾಕಿದ್ದ ಸಿಪಿಯು ಡಬ್ಬಗಳನ್ನು ಒಂದೊಂದಾಗಿ ಬೆರಳ ಗೆಣ್ಣಿನಿಂದ ತಟ್ಟತೊಡಗಿದರು. ತೆಂಗಿನಕಾಯಿ ಕೊಳ್ಳುವವರ ರೀತಿ. ತಟ್ಟಿದ ಮೇಲೆ ಹಿಂಬದಿಯ ಫ್ಯಾನಿಗೆ ಮೂಗು ಹಚ್ಚಿ ಮೂಸಿದರು. ಮೂರು ಡಬ್ಬಗಳನ್ನು ಆರಿಸಿ ಪಕ್ಕಕ್ಕಿಟ್ಟರು.

ನಾನು ಮೈಕು ಬಿಟ್ಟು ಓಡಿದೆ. "ಮೇಡಂ, ಅದು ಸುರಕ್ಷಿತ ವಿಲೇವಾರಿಗೆ ಅಂತ ತಂದಿರೋದು. ತಗೊಂಡು ಹೋಗೋ ಹಾಗಿಲ್ಲ."

"ವಿಲೇವಾರಿ ಮಾಡೋದಕ್ಕೆ ಇದು ಸತ್ತಿಲ್ವಲ್ಲಮ್ಮ," ಎಂದರು ಅವರು. "ಸುಟ್ಟ ವಾಸನೆ ಇಲ್ಲ. ಬರೀ ಧೂಳು."

"ಇಷ್ಟು ಹಳೇದು ನಿಮಗೆ ಯಾಕೆ?"

"ಗುರುಗ್ರಹ ನೋಡೋಕೆ," ಎಂದು ಹೇಳಿ, ಒಂದು ಡಬ್ಬವನ್ನು ಸ್ಕೂಟರಿನ ಕಾಲಿಡುವ ಜಾಗದಲ್ಲಿರಿಸಿ, ಉಳಿದೆರಡಕ್ಕೆ ಮತ್ತೆ ಬರುವುದಾಗಿ ನನ್ನನ್ನೇ ಕಾವಲಿರಿಸಿ ಹೊರಟುಬಿಟ್ಟರು. ನಾನು ಕಾದೆ. ನಮ್ಮ ಸ್ನೇಹ ಆರಂಭವಾದದ್ದು ಹೀಗೆ.

ಗುರುಗ್ರಹದ ಸಂಗತಿ ಹೀಗಿತ್ತು. ಅವರ ಕಾಲೇಜಿಗೆ ಯಾರೋ ದಾನಿಗಳು ಒಳ್ಳೆಯ ದೂರದರ್ಶಕವೊಂದನ್ನು ಕೊಟ್ಟಿದ್ದರು. ಅದನ್ನು ನಡೆಸಲೆಂದೇ ಜೊತೆಗೆ ಬಂದ ಹೊಸ ಕಂಪ್ಯೂಟರು ಪ್ರಾಂಶುಪಾಲರ ಮೇಜಿನ ಮೇಲೆ ಹೂವಿನ ಚಿತ್ತಾರದ ಹೊದಿಕೆ ಹೊದ್ದು ಕುಳಿತಿತ್ತು. ದೂರದರ್ಶಕವೋ ಪ್ರಯೋಗಾಲಯದ ಬೀರುವಿನಲ್ಲಿ ಬೀಗದೊಳಗಿತ್ತು. ಕಲಿಕೆಗೆಂದು ಬಂದದ್ದನ್ನು ಅಧಿಕಾರದ ಅಲಂಕಾರವಾಗಿಸಿಕೊಳ್ಳುವುದು ನಮ್ಮ ವಿದ್ಯಾಸಂಸ್ಥೆಗಳ ಹಳೆಯ ಚಾಳಿ. ಇದನ್ನು ನಾನು ಹೇಳಿದಾಗ ಮೇಡಂ ತಲೆಯಾಡಿಸಿದರು. "ಅದು ಅಲ್ಲೇ ಇರಲಿ ಬಿಡು. ಅವರಿಗೆ ಕಾಗದ ಟೈಪ್ ಮಾಡೋಕೆ ಬೇಕಂತೆ. ಆಕಾಶಕ್ಕೆ ಅಷ್ಟು ಹೊಸದು ಬೇಕಿಲ್ಲ."

ಅದು ನಿಜವೂ ಆಗಿತ್ತು. ದೂರದರ್ಶಕದ ಮೋಟಾರನ್ನು ನಕ್ಷತ್ರದ ವೇಗಕ್ಕೆ ತಿರುಗಿಸುವುದು, ಕ್ಯಾಮೆರಾದಿಂದ ಚಿತ್ರ ಪಡೆಯುವುದು, ಚಿತ್ರದಲ್ಲಿ ನಕ್ಷತ್ರದ ಹೊಳಪನ್ನು ಅಳೆಯುವುದು, ಇವೆಲ್ಲ ಮನೆಯ ಹಳೆಯ ಕಂಪ್ಯೂಟರಿಗೆ ನಿಲುಕದ ಕೆಲಸಗಳಲ್ಲ. ತಂತ್ರಾಂಶಗಳು ಪುಕ್ಕಟೆಯಾಗಿ ಸಿಗುತ್ತಿದ್ದವು. ಒಂದೊಂದು ಕೆಲಸಕ್ಕೆ ಒಂದೊಂದು ಡಬ್ಬವನ್ನು ಮೀಸಲಿಟ್ಟು, ಕಾಲೇಜಿನ ತಾರಸಿಯ ಮೇಲೆ ತಗಡಿನ ಜಾರು ಮಾಡಿನ ಗೂಡೊಂದನ್ನು ಕಟ್ಟಿಸಿ, ಅವರು ವೀಕ್ಷಣಾಲಯವನ್ನು ತೆರೆದೇಬಿಟ್ಟರು.

ಆ ಯಂತ್ರಗಳನ್ನು ಯಾರಾದರೂ ನೋಡಬೇಕಿತ್ತು. ನಮ್ಮ ಬಡಾವಣೆಯಲ್ಲಿ ಆಯುಧಪೂಜೆಯ ದಿನ ಸ್ಕೂಟರು, ಮಿಕ್ಸಿಗಳೊಡನೆ ಕಂಪ್ಯೂಟರಿಗೂ ಪೂಜೆ. ವರ್ಷವರ್ಷವೂ ಹಚ್ಚಿದ ಕುಂಕುಮ, ಅರಿಶಿನ, ವಿಭೂತಿಗಳು ಆ ಡಬ್ಬಗಳ ಮೇಲೆ ಪದರುಗಟ್ಟಿದ್ದವು. ಒಳಗೆ ಸೇರಿದ ಕುಂಕುಮವನ್ನು ಮೇಡಂ ಬ್ರಷ್ಷಿನಿಂದ ತೆಗೆಯುತ್ತಿದ್ದರು, ಹೊರಗಿನದನ್ನು ಮುಟ್ಟುತ್ತಿರಲಿಲ್ಲ. "ಅಳಿಸಿದರೆ ಯಾರ ಮನೇದು ಅಂತ ಹೇಗೆ ಗೊತ್ತಾಗ್ಬೇಕು?" ವಿಭೂತಿಯ ಮೂರು ಗೆರೆಯದು ಮೂರನೇ ಕ್ರಾಸಿನದು, ಅದು ದೂರದರ್ಶಕವನ್ನು ತಿರುಗಿಸುತ್ತಿತ್ತು. ದುಂಡು ಕುಂಕುಮದ್ದು ಹಾಲಿನ ಬೂತಿನವರದು. ಅದು ಚಿತ್ರ ತೆಗೆಯುತ್ತಿತ್ತು. "ಮೂರನೇ ಕ್ರಾಸು ಇವತ್ತು ಬಹಳ ನಿಧಾನ. ಹಾಲಿನ ಬೂತು ಪರವಾಗಿಲ್ಲ," ಎಂದು ಅವರು ಹುಡುಗಿಯರಿಗೆ ಗಂಭೀರವಾಗಿ ಹೇಳುತ್ತಿದ್ದರು.

ಆ ವರ್ಷಗಳಲ್ಲಿ ವಿಮಾನ ನಿಲ್ದಾಣದ ರಸ್ತೆಯುದ್ದಕ್ಕೂ ಜಾಹೀರಾತು ಫಲಕಗಳು ಎದ್ದು, ಹೆಬ್ಬಾಳದಿಂದಾಚೆಗೆ ಆಕಾಶವೇ ಹಾಲು ಚೆಲ್ಲಿದಂತೆ ಬೆಳ್ಳಗಾಯಿತು. ಇದು ಕಳ್ಳತನ. ಎಲ್ಲರಿಗೂ ಸೇರಿದ ಕತ್ತಲೆಯನ್ನು ಕೆಲವರು ತಮ್ಮ ಸೋಪು, ಸೈಟುಗಳ ಮಾರಾಟಕ್ಕಾಗಿ ಕದಿಯುತ್ತಾರೆ. ಅದನ್ನು ಕಳ್ಳತನವೆಂದು ಬರೆದ ಕಾನೂನಿಲ್ಲ. ನಾನು ಮನವಿಪತ್ರ ಸಿದ್ಧಪಡಿಸಿ ಮೇಡಂ ಸಹಿಗೆ ಹೋದಾಗ, ಅವರು ಸಹಿ ಹಾಕಿ, ಹಾಲಿನ ಬೂತಿನ ಪರದೆಯತ್ತ ನನ್ನನ್ನು ಎಳೆದರು. ಬರೀ ಬೂದು ಬಣ್ಣದ ಚಿತ್ರವೊಂದು ಅಲ್ಲಿತ್ತು. "ಇದು ನಿನ್ನ ಜಾಹೀರಾತು ಬೆಳಕು. ಈಗ ನೋಡು, ಕಳೀತೀನಿ." ಅವರು ಗುಂಡಿಯೊತ್ತಿದರು, ಮುದಿ ಯಂತ್ರ ಬಹಳ ಹೊತ್ತು ಗೊರಗುಟ್ಟಿತು, ಬೂದು ಬಣ್ಣ ಹಿಂದೆ ಸರಿದು, ನಕ್ಷತ್ರಗಳು ಒಂದೊಂದೇ ಮೇಲೆದ್ದು ಬಂದವು.

"ಬೆಳಕನ್ನು ಕಳೆದರೆ ತಪ್ಪು ಕಳೆದಂತಾಗಲಿಲ್ಲ ಮೇಡಂ," ಎಂದೆ.

"ಇಲ್ಲ ಕಣೇ. ಅದಕ್ಕೇ ಸಹಿ ಹಾಕಿದ್ದು."

ಅವರ ಬಗೆ ಇದು. ನಾನು ಗೋಡೆಯೊಡನೆ ವಾದಿಸುತ್ತಿದ್ದರೆ ಅವರು ಅಲ್ಲೊಂದು ಕಿಟಕಿಯ ಜಾಗ ಹುಡುಕುತ್ತಿದ್ದರು. ನನ್ನನ್ನು "ಅಮ್ಮಾ ಹೋರಾಟಗಾರ್ತಿ" ಎಂದೇ ಕರೆಯುತ್ತಿದ್ದರು. ಆ ಕರೆಯಲ್ಲಿ ಕುಚೋದ್ಯವಿತ್ತು, ಹೆಮ್ಮೆಯೂ ಇತ್ತು.

ನಾವು ನಿಜವಾಗಿ ಜಗಳವಾಡಿದ್ದು ಒಂದೇ ವಿಷಯಕ್ಕೆ. ವೀಕ್ಷಣಾಲಯ ಆರಂಭವಾದ ಎರಡನೆಯ ವರ್ಷ, ಸಂಜೆ ಆರರ ನಂತರ ಯಾವ ವಿದ್ಯಾರ್ಥಿನಿಯೂ ಕಾಲೇಜಿನ ಆವರಣದಲ್ಲಿ ಇರಕೂಡದೆಂದು ಆಡಳಿತ ಮಂಡಳಿ ಆದೇಶ ಹೊರಡಿಸಿತು. "ಪೋಷಕರು ಒಪ್ಪಲ್ಲ ಮೇಡಂ," ಎಂದರಂತೆ ಕಾರ್ಯದರ್ಶಿಗಳು. "ನಾಳೆ ಏನಾದ್ರೂ ಆದ್ರೆ ನಮ್ಮನ್ನೇ ಕೇಳ್ತಾರೆ." ಅದೇ ಮಂಡಳಿಯ ಗಂಡುಮಕ್ಕಳ ಕಾಲೇಜಿನ ಆಟದ ಮೈದಾನದಲ್ಲಿ ಕತ್ತಲಾದ ಮೇಲೂ ದೀಪ ಹಾಕಿ ವಾಲಿಬಾಲ್ ಆಡಿಸುತ್ತಿದ್ದರು. ಅಪಾಯ ತರುವವರನ್ನು ಹೊರಗೆ ಬಿಟ್ಟು, ಅಪಾಯಕ್ಕೆ ಈಡಾಗುವವರನ್ನು ಒಳಗೆ ಕೂಡುವುದಕ್ಕೆ ನಮ್ಮಲ್ಲಿ ರಕ್ಷಣೆ ಎಂದು ಹೆಸರು. ಸೂರ್ಯ ಮುಳುಗಿದ ಮೇಲೆ ಆರಂಭವಾಗುವ ವಿಜ್ಞಾನಕ್ಕೆ ಆರು ಗಂಟೆಯ ಬೀಗ ಹಾಕಿದರೆ, ಹೆಣ್ಣುಮಕ್ಕಳಿಗೆ ಆಕಾಶವೇ ಇಲ್ಲವೆಂದು ಅರ್ಥ.

ನಾನು ಧರಣಿಗೆ ತಯಾರಾದೆ. ಮೇಡಂ ಮತ್ತೆ ಸ್ಕೂಟರು ಹತ್ತಿದರು. ಈ ಬಾರಿ ರಿಪೇರಿಯಾದ ಕಂಪ್ಯೂಟರುಗಳು ಹುಡುಗಿಯರ ಮನೆಗೆ ಹೊರಟವು: ಕೊಡಿಗೇಹಳ್ಳಿಗೊಂದು, ಹೆಬ್ಬಾಳಕ್ಕೊಂದು, ಬಾಗಲೂರಿಗೊಂದು. ಮನೆಯಲ್ಲಿ ಕುಳಿತ ಹುಡುಗಿ ಇಂಟರ್ನೆಟ್ಟಿನ ಮೂಲಕ ತಾರಸಿಯ ಯಂತ್ರವನ್ನು ನಡೆಸುವಳು. ಉಪನ್ಯಾಸಕಿಯಾದ ತಮಗೆ ಆದೇಶ ಅನ್ವಯಿಸದ್ದರಿಂದ ಮೇಡಂ ಒಬ್ಬರೇ ಮೇಲೆ ಹೋಗಿ ತಗಡಿನ ಮಾಡು ಸರಿಸುವರು. ಒಂದು ಸಂಜೆ ಹೋಗಿ ನೋಡಿದೆ. ಇಡೀ ತಾರಸಿಯಲ್ಲಿ ಒಂದೇ ಸ್ಟೂಲು. ಅದರ ಮೇಲೆ ಸ್ವೆಟರು ತೊಟ್ಟ ಅವರು. ಮಡಿಲಲ್ಲಿ ಸ್ಪೀಕರು ಹಾಕಿಟ್ಟ ಫೋನು. ಯಾರೂ ಮುಟ್ಟದ ದೂರದರ್ಶಕ ತಾನಾಗಿ ತಿರುಗುತ್ತಿತ್ತು.

"ಇದು ಶರಣಾಗತಿ ಮೇಡಂ," ಎಂದೆ. "ಅವರು ಹುಡುಗಿಯರನ್ನು ಮನೆಯಲ್ಲಿ ಕೂಡಿಹಾಕಿದರು. ನೀವು ಆ ಕೂಡಿಹಾಕಿದ್ದಕ್ಕೆ ಅನುಕೂಲ ಮಾಡಿಕೊಟ್ಟಿರಿ."

ಅವರಿಗೆ ನೋವಾಯಿತು. ಸ್ವೆಟರಿನ ತೋಳು ಎಳೆದುಕೊಂಡರು. ಆಮೇಲೆ ಹೇಳಿದರು: "ನೀನು ಗೇಟಿನ ಹತ್ತಿರ ಕೂತ್ಕೋ. ಬೇಡ ಅನ್ನಲ್ಲ. ಆದರೆ ನೀನು ಗೆಲ್ಲೋ ಹೊತ್ತಿಗೆ ಈ ಹುಡುಗೀರು ಡಿಗ್ರಿ ಮುಗಿಸಿ ಹೋಗಿರ್ತಾರೆ. ಇವರಿಗೆ ಬೇಕಿರೋದು ಈ ವರ್ಷದ ಆಕಾಶ."

ಮನೆಯ ಯಂತ್ರಗಳ ಆ ದಿನಗಳಲ್ಲಿ ನಡೆದ ಒಂದು ಪ್ರಮಾದವನ್ನು ಹೇಳದೆ ಮುಂದೆ ಹೋಗಲಾರೆ. ಒಂದು ತಂತ್ರಾಂಶ ಹೊಸದಾಗಿ ಹಾಕಿದಾಗ, ಹುಡುಗಿಯರು ಗುರುಗ್ರಹ ತೋರಿಸೆಂದರೆ ದೂರದರ್ಶಕ ಪಕ್ಕದ ಬರಿ ಆಕಾಶವನ್ನು ತೋರಿಸತೊಡಗಿತು. ಮೋಟಾರು, ವೋಲ್ಟೇಜು, ಮೂರನೇ ಕ್ರಾಸಿನ ವಯಸ್ಸು, ಎಲ್ಲದರ ಮೇಲೂ ಗುಮಾನಿಯಾಯಿತು. ಕಡೆಗೆ ಕಾರಣ ಸಿಕ್ಕಿತು: ಗ್ರೀನಿಚ್ಚಿನ ವೇಳೆಗಿಂತ ನಮ್ಮ ದೇಶದ ವೇಳೆ ಐದೂವರೆ ಗಂಟೆ ಮುಂದೆ, ತಂತ್ರಾಂಶ ಬರೆದವರು ಪೂರ್ಣ ಗಂಟೆಗಳಿಗೆ ಮಾತ್ರ ಜಾಗವಿಟ್ಟಿದ್ದರು. ಐದು ಇತ್ತು, ಆರು ಇತ್ತು, ಐದೂವರೆ ಇರಲಿಲ್ಲ. ಇಷ್ಟು ಜನರ ಗಡಿಯಾರವನ್ನು ಲೆಕ್ಕಕ್ಕೇ ಹಿಡಿಯದ ಆ ಉದಾಸೀನವನ್ನು ಖಂಡಿಸಿ ನಾನು ತಂತ್ರಾಂಶದ ಕರ್ತೃವಿಗೆ ಪತ್ರ ಬರೆದೆ. ಮೇಡಂ ಕಾಯಲಿಲ್ಲ. ವೇಳೆಯನ್ನು ಐದೆಂದೇ ಇಟ್ಟು, ಆ ಅರ್ಧ ಗಂಟೆ ಸರಿಹೋಗುವಷ್ಟು ಊರನ್ನೇ ಪಶ್ಚಿಮಕ್ಕೆ ಸರಿಸಿಬಿಟ್ಟರು.

"ಈಗ ಕಂಪ್ಯೂಟರ್ ಪ್ರಕಾರ ನಮ್ಮ ಕಾಲೇಜು ಲಕ್ಷದ್ವೀಪದಾಚೆ ಅರಬ್ಬೀ ಸಮುದ್ರದಲ್ಲಿದೆ," ಎಂದು ಅವರು ನಕ್ಕರು. "ಮ್ಯಾನೇಜ್‌ಮೆಂಟ್ ಸಮೇತ."

ಗುರುಗ್ರಹ ಸಿಕ್ಕಿತು. ಕೆಲವು ತಿಂಗಳ ಮೇಲೆ ಆ ಕರ್ತೃ ಕ್ಷಮೆ ಕೇಳಿ, ಅರ್ಧ ಗಂಟೆಯನ್ನೂ ಸೇರಿಸಿ ಹೊಸ ಆವೃತ್ತಿ ಕಳಿಸಿದ. ವಿಜಯದ ಉತ್ಸಾಹದಲ್ಲಿ ನಾವೆಲ್ಲ ಅದನ್ನು ಹಾಕಿ, ವೇಳೆಯನ್ನು ಐದೂವರೆ ಮಾಡಿದೆವು. ದೂರದರ್ಶಕ ಮತ್ತೆ ಬರಿ ಆಕಾಶಕ್ಕೆ ತಿರುಗಿತು. ಕಾಲೇಜನ್ನು ಸಮುದ್ರದಿಂದ ಎತ್ತಿ ತರುವುದನ್ನು ಎಲ್ಲರೂ ಮರೆತಿದ್ದರು. "ನೀನೂ ಸರಿ, ನಾನೂ ಸರಿ. ಇಬ್ಬರೂ ಸೇರಿ ಕೆಡಿಸಿದ್ವಿ," ಎಂದು ಮೇಡಂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ಬಾಗಲೂರಿನ ಯಂತ್ರ ಹೋದದ್ದು ಸವಿತಾ ಎಂಬ ಹುಡುಗಿಯ ಮನೆಗೆ. ಅವಳ ತಂದೆ ಊರಿನಿಂದ ಸೊಪ್ಪು, ತರಕಾರಿಯನ್ನು ಲಗೇಜ್ ಆಟೋದಲ್ಲಿ ಯಲಹಂಕಕ್ಕೆ ಹೊಡೆಯುತ್ತಿದ್ದರು. ಆ ಮನೆಯಲ್ಲಿ ಇಂಟರ್ನೆಟ್ಟಿನ ಡಾಂಗಲನ್ನು ಕಿಟಕಿಯ ಸರಳಿಗೆ ಕಟ್ಟಿದರೆ ಮಾತ್ರ ಸಿಗ್ನಲ್ಲು ಬರುತ್ತಿತ್ತು. ಸವಿತಾ ಒಂದು ಜೋಡಿನಕ್ಷತ್ರವನ್ನು ಹಿಡಿದಿದ್ದಳು. ಒಂದರ ಮುಂದೊಂದು ಹಾದುಹೋಗುವಾಗ ಅದರ ಹೊಳಪು ಕುಗ್ಗಿ ಮತ್ತೆ ಏರುತ್ತದೆ. ಹಾಗೆ ಕುಗ್ಗುವ ಕ್ಷಣವನ್ನು ಹಲವು ಬಾರಿ ಅಳೆದು ಕಳಿಸಿದವರನ್ನು, ಬೆಟ್ಟದ ಮೇಲಿನ ದೊಡ್ಡ ವೀಕ್ಷಣಾಲಯವೊಂದು ಬೇಸಿಗೆಯಲ್ಲಿ ಕರೆಸಿಕೊಂಡು ಕೆಲಸ ಕಲಿಸುವುದಾಗಿ ಹೇಳಿತ್ತು. ಸವಿತಾಳಿಗೆ ಇನ್ನೊಂದೇ ಅಳತೆ ಬಾಕಿ. ನಕ್ಷತ್ರ ದಿನದಿಂದ ದಿನಕ್ಕೆ ಪಶ್ಚಿಮಕ್ಕೆ ಇಳಿದು ಸೂರ್ಯನ ಹೊಳಪಿನೊಳಗೆ ಸೇರುವುದರಲ್ಲಿತ್ತು. ಆ ಸಂಜೆ ತಪ್ಪಿದರೆ ಆ ವರ್ಷ ತಪ್ಪಿದಂತೆ.

ಆ ಸಂಜೆ ನಾನೂ ತಾರಸಿಯಲ್ಲಿದ್ದೆ. ಮಾಡು ಸರಿಸಿ, ದೂರದರ್ಶಕವನ್ನು ನಕ್ಷತ್ರಕ್ಕೆ ತಿರುಗಿಸಿದ್ದೇ ತಡ, ಫೋನಿನಲ್ಲಿ ಸವಿತಾಳ ಧ್ವನಿ ಕುಸಿಯಿತು. "ಮೇಡಂ, ಕರೆಂಟ್ ಹೋಯ್ತು. ಲೈನ್‌ಮನ್ ಒಂಬತ್ತಾಗುತ್ತೆ ಅಂತಿದಾನೆ. ನೀವೇ ಚಿತ್ರ ತೆಗೆದುಬಿಡಿ ಮೇಡಂ."

"ತೆಗೀತೀನಮ್ಮ, ಏನೂ ಕಷ್ಟವಿಲ್ಲ. ಆದರೆ ನೋಡಿದವರು ಅಂತ ನನ್ನ ಹೆಸರು ಹಾಕಬೇಕಾಗುತ್ತೆ. ನಿನ್ನ ಹೆಸರು ಹಾಕಿದರೆ ಅದು ಸುಳ್ಳು."

ಆ ಕಡೆ ಅವಳು ಅಳುವುದು ಕೇಳಿಸಿತು. ಅಷ್ಟರಲ್ಲಿ ಗಡಸು ಧ್ವನಿಯೊಂದು ಕೇಳಿತು. "ಮೇಡಮ್ನೋರೆ, ನಾನು ಸವಿತಾರಪ್ಪ. ಅದ್ನ ಅಂಗೇ ಮಡಗಿರಿ. ಉಡುಗೀನ ಕರ್ಕಂಡ್ ಬತ್ತಿವ್ನಿ."

"ಗೇಟಲ್ಲಿ ಬಿಡಲ್ಲ ರೀ. ಆರ್ಡರ್ ಇದೆ."

"ಬತ್ತಿವ್ನಿ ಅಂದ್ನಲ್ಲ," ಎಂದು ಅವರು ಫೋನಿಟ್ಟರು.

ಮೇಡಂ ನನ್ನ ಮುಖ ನೋಡಿದರು. ನಾವಿಬ್ಬರೂ ಕೆಳಗಿಳಿದು ಗೇಟಿನ ಬಳಿ ನಿಂತೆವು. ಲಗೇಜ್ ಆಟೋ ಬಂದು ನಿಂತಾಗ ಹಿಂದಿನ ತೊಟ್ಟಿಯಲ್ಲಿ ದಂಟಿನ ಸೊಪ್ಪಿನ ಎಲೆಗಳಿನ್ನೂ ಅಂಟಿಕೊಂಡಿದ್ದವು. ಕಾವಲುಗಾರ ಅಡ್ಡ ನಿಂತ. ಸಮಾನತೆಯ ಹಕ್ಕಿನಿಂದ ಹಿಡಿದು ವಾಲಿಬಾಲಿನವರೆಗೆ ನಾನು ಹೇಳಬೇಕಾದ್ದನ್ನೆಲ್ಲ ಹೇಳಿದೆ. ಆತ ಪಾಪ, ಪೂರ್ತಿ ಕೇಳಿಸಿಕೊಂಡ. "ನೀವ್ ಹೇಳೋದೆಲ್ಲ ಸರಿ ಮೇಡಂ. ನನ್ ಕೆಲ್ಸ ಹೋದ್ರೆ ಯಾರ್ ಕೊಡ್ತಾರೆ?" ಆ ಪ್ರಶ್ನೆಯೂ ನ್ಯಾಯವೇ. ಆದೇಶ ಹೊರಡಿಸುವವರು ಒಳಗಿರುತ್ತಾರೆ, ಅದರ ಮುಜುಗರ ಗೇಟಿನವನಿಗೆ.

ಸವಿತಾಳ ತಂದೆ ಆಟೋದಿಂದಿಳಿದು ಲುಂಗಿ ಸರಿಪಡಿಸಿಕೊಂಡರು. "ಯಾಕಯ್ಯಾ ಬಿಡಂಗಿಲ್ಲ?"

"ಉಡ್ಗೀರ ಅಪ್ಪ ಅಮ್ಮ ಒಪ್ಪಲ್ವಂತೆ. ಅದಕ್ಕೇ ರೂಲ್ಸು."

"ಅಪ್ಪ ನಾನೇ ಕಣಯ್ಯಾ. ಸರ್ಯಾಗ್ ನೋಡು. ಒಪ್ಪಿವ್ನಿ. ಇನ್ಯಾವ ಅಪ್ಪ ಬೇಕು ನಿಂಗೆ?"

ಕಾವಲುಗಾರ ಕಾರ್ಯದರ್ಶಿಗಳಿಗೆ ಫೋನು ಹಚ್ಚಿದ. ಸವಿತಾಳ ತಂದೆ ಅದನ್ನು ಅವನ ಕೈಯಿಂದ ಮೆಲ್ಲಗೆ ತೆಗೆದುಕೊಂಡರು. "ಸಾರ್, ನಮಸ್ಕಾರ. ನನ್ ಮಗಳು ನಿಮ್ ದುರ್ಬೀನ್ನ ನಮ್ಮನೇಲಿ ಕುಂತ್ಕಂಡು ದಿನಾ ಓಡುಸ್ತಾವ್ಳೆ. ನಾನೂ ನಮ್ಮವ್ವನೂ ನೋಡಿದ್ದೀವಿ. ಇವತ್ತು ನಮ್ಮೂರಲ್ಲಿ ಕರೆಂಟಿಲ್ಲ, ನಿಮ್ಮತ್ರ ಐತೆ. ಅಷ್ಟೇ ಸಮಾಚಾರ. ಬಿಡಕ್ಕೇಳಿ." ಆ ಕಡೆಯಿಂದ ಏನು ಬಂತೋ ತಿಳಿಯದು. "ಏನಾರ ಆದ್ರೆ ನಾನಿಲ್ಲೇ ಇರ್ತೀನಲ್ಲ ಸಾರ್. ನೀವೂ ಬನ್ನಿ, ಆಟೋ ಕಳುಸ್ಲಾ?" ಎಂದರು.

ಗೇಟು ತೆರೆಯಿತು.

ಮೆಟ್ಟಿಲು ಹತ್ತುತ್ತಾ ನಾನು ಮೇಡಂಗೆ ಹೇಳಿದೆ: "ಅಪ್ಪನ ಮಾತಿಗೆ ತೆರೆದ ಗೇಟು ಮಗಳ ಮಾತಿಗೆ ತೆರೆಯಲಿಲ್ಲ. ಇದೂ ಅನ್ಯಾಯವೇ."

"ಹೌದು ಕಣೇ, ಅನ್ಯಾಯವೇ. ನಾಳೆ ಬರಿ, ನಾನೂ ಸಹಿ ಹಾಕ್ತೀನಿ. ಈಗ ಆ ಟಾರ್ಚ್ ಆರಿಸು."

ಸವಿತಾ ಓಡಿ ಯಂತ್ರದ ಮುಂದೆ ನಿಂತಳು. ಇಷ್ಟು ದಿನ ಅಷ್ಟು ದೂರದಿಂದ ತಾನು ತಿರುಗಿಸಿದ ದೂರದರ್ಶಕವನ್ನು ಕತ್ತಲಲ್ಲಿ ಅವಳು ಮೊದಲ ಸಲ ಕಂಡದ್ದು ಅಂದು. ಒಮ್ಮೆ ಅದರ ಕೊಳವೆಯನ್ನು ಬೆರಳ ತುದಿಯಿಂದ ಮುಟ್ಟಿ ಕೈ ಹಿಂತೆಗೆದಳು. ಮೇಡಂ ಎದ್ದು ತಮ್ಮ ಸ್ಟೂಲನ್ನು ಅವಳಿಗೆ ಕೊಟ್ಟರು. ಚಿತ್ರಗಳು ಒಂದೊಂದಾಗಿ ಬಂದವು. ಪರದೆಯ ಮೇಲೆ ಹೊಳಪಿನ ಚುಕ್ಕೆಗಳು ಸಾಲುಗಟ್ಟಿ, ಮೆಲ್ಲನೆ ಕೆಳಗೆ ಬಾಗತೊಡಗಿದವು.

"ಇಳೀತಾ ಐತಲ್ಲ, ಕೆಟ್ಟೋಯ್ತಾ?" ಎಂದು ತಂದೆ ಗಾಬರಿಯಾದರು.

"ಇಲ್ಲಪ್ಪ. ಒಂದು ಇನ್ನೊಂದರ ಹಿಂದಕ್ಕೆ ಹೋಗ್ತಾ ಇದೆ. ಅದೇ ಬೇಕಾಗಿರೋದು," ಎಂದಳು ಮಗಳು, ಪರದೆಯಿಂದ ಕಣ್ಣು ಕೀಳದೆ.

ಚುಕ್ಕೆಗಳ ಸಾಲು ತಳ ಮುಟ್ಟಿ ಮತ್ತೆ ಏರುವವರೆಗೆ ಮೂವರೂ ಕಟ್ಟೆಗೊರಗಿ ನಿಂತೇ ಇದ್ದೆವು. ಕೂರಲು ಬೇರೇನೂ ಇರಲಿಲ್ಲ. ಮೇಡಂ ಮೊಣಕಾಲು ನೀವಿಕೊಳ್ಳುತ್ತಿದ್ದರು. ಬೇಸಿಗೆಯಲ್ಲಿ ಸವಿತಾ ಬೆಟ್ಟಕ್ಕೆ ಹೋದಳು. ನಾನು ಬರೆದ ಮನವಿಗೆ ಅವಳ ತಂದೆಯೂ ಇತರ ಪೋಷಕರೂ ಸಹಿ ಹಾಕಿದರು. ಆದೇಶ ಕಾಗದದ ಮೇಲೆ ರದ್ದಾಗಲು ಬಹಳ ಕಾಲ ಹಿಡಿಯಿತು. ಅದರ ಕಥೆ ದೀರ್ಘ, ಅದರಲ್ಲಿ ಸಂತೋಷಪಡುವಂಥದ್ದು ಕಡಿಮೆ.

ಸಂತೋಷದ್ದನ್ನು ಹೇಳಿ ಮುಗಿಸುತ್ತೇನೆ. ಸವಿತಾ ತಾರಸಿಗೆ ಬಂದ ಆ ಸಂಜೆಯ ಮರುದಿನ ಮಧ್ಯಾಹ್ನ ಮೇಡಂ ನನ್ನನ್ನು ಕಾಲೇಜಿಗೆ ಕರೆಸಿದರು. ಎಂದೂ ಯಾರ ಆದೇಶವನ್ನೂ ಎದುರಿಗೆ ಮೀರದ ಆ ಹೆಂಗಸು, ಪ್ರಾಂಶುಪಾಲರನ್ನು ಕೇಳದೆ, ಕಾರ್ಯದರ್ಶಿಗಳಿಗೆ ತಿಳಿಸದೆ, ಖಾಲಿ ತರಗತಿಯಿಂದ ಉದ್ದನೆಯ ಬೆಂಚೊಂದನ್ನು ಮೊಗಸಾಲೆಗೆ ಎಳೆದು ತಂದಿದ್ದರು. ಅದರ ಒಂದು ತುದಿಯನ್ನು ಆಗಲೇ ಎತ್ತಿ ಹಿಡಿದಿದ್ದರು.

"ಏನ್ ನೋಡ್ತಿದೀಯ? ಆ ಕಡೆ ಹಿಡ್ಕೋ, ತಾರಸಿಗೆ ಒಯ್ಯೋಣ," ಎಂದರು. "ಸಂಜೆ ಕೊಡಿಗೇಹಳ್ಳಿ ಹುಡುಗೀನೂ ಅವಳ ಅಪ್ಪ ಅಮ್ಮನೂ ಬರ್ತಾರಂತೆ."